ಬೇನೆ ಹನುಮಸಾಗರದಲ್ಲಿ, ಮದ್ದು ಬೆಂಗಳೂರಿನಲ್ಲಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ಸಂಸಾರ ಹೂಡಿರುವ ನನ್ನ ಅಕ್ಕನಿಗೆ ಕ್ರೋನ್ಸ್ ಕಾಯಿಲೆ ಇದೆ. ಅದು ಕ್ರೋನ್ಸ್ ಎಂದು ಗೊತ್ತಾಗುವುದಕ್ಕೇ ಎರಡು ವರ್ಷ ಹಿಡಿಯಿತು. ಅದಕ್ಕೆ ಮುನ್ನ ಕರುಳಿನ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಾಯಿತು. ಸರಿಯಾದ ಔಷಧ ಸಿಕ್ಕ ಮೇಲೆ ಭೇದಿ ನಿಂತಿತು, ರಕ್ತ ಹೋಗುವುದು ನಿಂತಿತು, ಇಳಿದಿದ್ದ ತೂಕ ಏರಿತು. ಕಳೆದ ಬಾರಿ ಕೊಲೊನೊಸ್ಕೋಪಿ ಮಾಡಿದ ವೈದ್ಯರು ಪರದೆಯ ಮೇಲಿನ ಚಿತ್ರ ತೋರಿಸಿ, ಹುಣ್ಣುಗಳೆಲ್ಲ ಮಾಯ್ದಿವೆ ಎಂದರು. 'ಮತ್ತ ಹೊಟ್ಟಿ ನುಲಿಯೂದು ಯಾಕ ನಿಂತಿಲ್ರೀ ಸರ?' ಎಂದು ಅಕ್ಕ ಕೇಳಿದಳು. 'ಈಗ ಒಳಗ ಏನೂ ಇಲ್ರೀ ಅಕ್ಕಾರ, ಭಾಳ ಯೋಚನಿ ಮಾಡಬ್ಯಾಡ್ರಿ' ಎಂಬ ಉತ್ತರ ಬಂತು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: 'ನಾ ಸುಳ್ಳು ಹೇಳಾಕತ್ತೀನಿ ಅಂತ ತಿಳಕೊಂಡ್ರೇನೋ ತಮ್ಮಾ?'

ಆ ವೈದ್ಯರು ಕೆಟ್ಟವರಲ್ಲ. ಅವರಿಗೆ ಕಲಿಸಿದ ಶಾಸ್ತ್ರದಲ್ಲಿ ನೋವೆಂಬುದು ಗಾಯದ ನೆರಳು. ಗಾಯ ಮಾಯ್ದರೆ ನೆರಳೂ ಹೋಗಬೇಕು. ಆದರೆ ದೇಹ ಈ ಲೆಕ್ಕವನ್ನು ಯಾವಾಗಲೂ ಒಪ್ಪುವುದಿಲ್ಲ. ಕರುಳಿನ ಉರಿಯೂತದ ಕಾಯಿಲೆಗಳು, ಅಂದರೆ ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್, ಹತೋಟಿಗೆ ಬಂದ ಮೇಲೂ ಮೂವರು ಅಥವಾ ನಾಲ್ವರು ರೋಗಿಗಳಲ್ಲಿ ಒಬ್ಬರಿಗೆ ಹೊಟ್ಟೆನೋವು ಮುಂದುವರಿಯುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅಂತಹ ನೋವಿಗೆ ನಮ್ಮಲ್ಲಿ ಚಿಕಿತ್ಸೆ ಇಲ್ಲವೆಂದಲ್ಲ, ಅದು ನೋವೇ ಎಂಬ ಮಾನ್ಯತೆಯೇ ಇಲ್ಲ. ಈ ಹಿನ್ನೆಲೆಯಲ್ಲಿ, ಮಿದುಳಿಗೆ ಮೃದು ವಿದ್ಯುತ್ ಹಾಯಿಸಿ ಕರುಳಿನ ನೋವನ್ನು ತಗ್ಗಿಸುವ ಹೊಸ ಪ್ರಯತ್ನವೊಂದು ಹನುಮಸಾಗರದಂತಹ ಊರಿಗೆ ಏಕೆ ಮುಖ್ಯವಾಗುತ್ತದೆ ಎಂಬುದನ್ನು ಚರ್ಚಿಸುವುದು ಈ ಲೇಖನದ ಉದ್ದೇಶ.

ಮೊದಲು ನೋವಿನ ವಿಚಾರ. ಕರುಳಿನಲ್ಲಿ ಹುಣ್ಣಾದಾಗ ಅಲ್ಲಿನ ನರಗಳು ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತವೆ, ಬೆನ್ನುಹುರಿ ಮಿದುಳಿಗೆ ದಾಟಿಸುತ್ತದೆ. ಈ ದಾರಿಯಲ್ಲಿ ಒಂದು ಬಾಗಿಲಿದೆ, ಅದು ಸುದ್ದಿಯನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲದು ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಪ್ರತಿಪಾದಿಸಿದರು. ನೋವು ಬಹುಕಾಲ ಮುಂದುವರಿದರೆ ಈ ನರಮಾರ್ಗವೇ ಅತಿಸೂಕ್ಷ್ಮಗೊಳ್ಳುತ್ತದೆ ಎಂದು 1983ರಲ್ಲಿ ಕ್ಲಿಫರ್ಡ್ ವುಲ್ಫ್ ತೋರಿಸಿಕೊಟ್ಟರು. ಆಮೇಲೆ ಅನ್ನ ಅರಗುವ, ವಾಯು ಸರಿಯುವ ಸಾಮಾನ್ಯ ಚಲನೆಯನ್ನೂ ಮಿದುಳು ನೋವೆಂದೇ ಓದಿಕೊಳ್ಳುತ್ತದೆ. ಕಳ್ಳ ಹೋದ ಮೇಲೂ ನಾಯಿ ಬೊಗಳುತ್ತಲೇ ಇರುವ ಸ್ಥಿತಿ ಇದು. ಆ ನಾಯಿ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ನಿಜಕ್ಕೂ ಭಯವಿದೆ.

ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘಟನೆ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿ, ಅಂಗಾಂಶಕ್ಕೆ ಹಾನಿ ಕಾಣದಿದ್ದರೂ ನೋವಿನ ಅನುಭವ ಇರಬಲ್ಲದೆಂದೂ, ನೋವಾಗುತ್ತಿದೆ ಎಂದು ರೋಗಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ ಸ್ಪಷ್ಟಪಡಿಸಿತು. ನಮ್ಮ ಸೀಮೆಯ ಆಡುಮಾತಿಗೆ ಇದು ಹೊಸ ಸಂಗತಿಯೇನಲ್ಲ. ಅಲ್ಲಿ 'ಬ್ಯಾನಿ' ಎಂದರೆ ರೋಗವೂ ಹೌದು, ನೋವೂ ಹೌದು. ಎರಡನ್ನೂ ಬೇರ್ಪಡಿಸಿ, ಒಂದಕ್ಕೆ ಮಾತ್ರ ಚೀಟಿ ಬರೆಯುವ ಪದ್ಧತಿ ಆಸ್ಪತ್ರೆಯದು.

ಹಾಗಾದರೆ ನೋವಿನ ಮಾತ್ರೆ ಕೊಡಬಾರದೇ ಎಂಬ ಪ್ರಶ್ನೆ ಏಳುತ್ತದೆ. ತೊಡಕಿರುವುದು ಇಲ್ಲಿಯೇ. ಔಷಧ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದವು ಕರುಳಿನ ಒಳಪದರಕ್ಕೆ ಹಾನಿ ಮಾಡಬಲ್ಲವು, ಅಡಗಿದ್ದ ಕಾಯಿಲೆಯನ್ನು ಕೆರಳಿಸಬಲ್ಲವು. ಅಫೀಮು ಮೂಲದ ನೋವುನಿವಾರಕಗಳನ್ನು ದೀರ್ಘಕಾಲ ಸೇವಿಸಿದರೆ ವ್ಯಸನದ ಅಪಾಯವಷ್ಟೇ ಅಲ್ಲ, ಕರುಳಿನ ಚಲನೆಯೇ ಕುಂಠಿತವಾಗಿ ಹೊಟ್ಟೆನೋವು ಇನ್ನಷ್ಟು ಹೆಚ್ಚುವುದುಂಟು. ಸ್ಟೀರಾಯ್ಡ್ ಉರಿಯೂತಕ್ಕೆ ಮದ್ದು. ಉರಿಯೂತವೇ ಇಲ್ಲದಾಗ ಅದರಿಂದ ಬರುವುದು ಸಕ್ಕರೆ ಕಾಯಿಲೆ ಮತ್ತು ಟೊಳ್ಳು ಮೂಳೆ ಮಾತ್ರ. ಹೀಗೆ ಒಂದೊಂದೇ ದಾರಿ ಮುಚ್ಚಿಹೋಗುವುದರಿಂದ ವಿಜ್ಞಾನಿಗಳ ಗಮನ ಕರುಳಿನಿಂದ ಮಿದುಳಿನ ಕಡೆಗೆ ಹೊರಳಿತು.

ಈ ಚಿಕಿತ್ಸೆಗೆ ಟಿಡಿಸಿಎಸ್ ಎಂಬ ಸಂಕ್ಷಿಪ್ತ ಹೆಸರಿದೆ. ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜುಗಳನ್ನು ತಲೆಯ ಮೇಲಿಟ್ಟು, ಬ್ಯಾಟರಿ ಚಾಲಿತ ಪುಟ್ಟ ಪೆಟ್ಟಿಗೆಯಿಂದ 1ರಿಂದ 2 ಮಿಲಿಆಂಪಿಯರಿನಷ್ಟು ನೇರ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಈ ವಿದ್ಯುತ್ತು ನರಕೋಶಗಳನ್ನು ಬಲವಂತವಾಗಿ ಸಿಡಿಸುವುದಿಲ್ಲ. ಅವು ಉದ್ದೀಪನಗೊಳ್ಳುವ ಮಟ್ಟವನ್ನು ತುಸು ಏರಿಸುತ್ತದೆ ಅಥವಾ ಇಳಿಸುತ್ತದೆ. ಜರ್ಮನಿಯ ಗಟ್ಟಿಂಗೆನ್ನಿನ ನಿಟ್ಷೆ ಮತ್ತು ಪೌಲುಸ್ ಇದನ್ನು 2000ದಲ್ಲಿ ಆಧುನಿಕ ರೂಪದಲ್ಲಿ ಮುಂದಿಟ್ಟರು. ಮಿದುಳಿನ ಚಾಲಕ ಪ್ರದೇಶವನ್ನು ಹೀಗೆ ಪ್ರಚೋದಿಸಿದರೆ, ಅದರೊಡನೆ ಸಂಪರ್ಕವಿರುವ ಥಾಲಮಸ್ ಮತ್ತು ನೋವನ್ನು ತಡೆಯುವ ಕೆಳಮುಖ ನರಮಾರ್ಗಗಳು ಚುರುಕಾಗುತ್ತವೆ ಎಂಬುದು ಸದ್ಯದ ತಿಳಿವಳಿಕೆ. ಸ್ಪಂಜು ಇಟ್ಟ ಜಾಗದಲ್ಲಿ ತುರಿಕೆ, ಜುಮ್ಮೆನ್ನುವುದು, ಅಲ್ಪ ತಲೆನೋವು ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮಗಳು.

'ತಲೆಗೆ ಕರೆಂಟು' ಎಂದ ಕೂಡಲೇ ನಮ್ಮ ಜನ ಬೆಚ್ಚುತ್ತಾರೆ. ಸಿನಿಮಾಗಳು ಕಟ್ಟಿಕೊಟ್ಟ ಚಿತ್ರ ಅಂತಹದು. ತೀವ್ರ ಖಿನ್ನತೆಗೆ ಅರಿವಳಿಕೆಯಲ್ಲಿ ಕೊಡುವ ವಿದ್ಯುತ್ ಚಿಕಿತ್ಸೆಯಲ್ಲಿ ನೂರಾರು ಮಿಲಿಆಂಪಿಯರ್ ಬಳಕೆಯಾಗುತ್ತದೆ. ಅದೂ ಮಾನ್ಯ ಚಿಕಿತ್ಸೆಯೇ, ಅನೇಕರ ಜೀವ ಉಳಿಸಿದೆ. ಆದರೆ ಟಿಡಿಸಿಎಸ್ ಬೇರೆಯದೇ ಬಗೆಯದು. ಇದರಲ್ಲಿ ಸೆಳವಿಲ್ಲ, ಅರಿವಳಿಕೆ ಇಲ್ಲ, ಎಚ್ಚರ ತಪ್ಪುವುದಿಲ್ಲ.

ಕರುಳಿನ ಕಾಯಿಲೆಯ ನೋವಿಗೆ ಇದನ್ನು ನೇರವಾಗಿ ಪರೀಕ್ಷಿಸಿದ್ದು ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ತಂಡ. ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಹೊಟ್ಟೆನೋವಿದ್ದ 20 ಐಬಿಡಿ ರೋಗಿಗಳಲ್ಲಿ ಕೆಲವರಿಗೆ ಸತತ ಐದು ದಿನ, ದಿನಕ್ಕೆ 20 ನಿಮಿಷ, 2 ಮಿಲಿಆಂಪಿಯರಿನ ನಿಜವಾದ ಪ್ರಚೋದನೆ ಕೊಟ್ಟರು. ಉಳಿದವರಿಗೆ ಕೊಟ್ಟಂತೆ ತೋರುವ ಹುಸಿ ಪ್ರಚೋದನೆ. ನಿಜವಾದ ಪ್ರಚೋದನೆ ಪಡೆದವರಲ್ಲಿ ನೋವು ಗಣನೀಯವಾಗಿ ಕಡಿಮೆಯಾಯಿತು, ಚಿಕಿತ್ಸೆ ಮುಗಿದ ವಾರದ ಬಳಿಕವೂ ಆ ಪರಿಣಾಮ ಉಳಿದಿತ್ತು.

ಇಷ್ಟು ಕೇಳಿ ಸಂಭ್ರಮಿಸುವುದು ಅವಸರವಾದೀತು. ಇಪ್ಪತ್ತು ಜನರ ಪ್ರಯೋಗ ಭರವಸೆಯ ಸೂಚನೆಯೇ ಹೊರತು ತೀರ್ಪಲ್ಲ. ಒಂದು ವಾರದ ಉಪಶಮನದಿಂದ ಒಂದು ವರ್ಷದ ಉಪಶಮನವನ್ನು ಊಹಿಸಲಾಗದು. ದೀರ್ಘಕಾಲದ ನೋವಿಗೆ ಮಿದುಳಿನ ಪ್ರಚೋದನೆಯ ಎಲ್ಲ ವಿಧಾನಗಳನ್ನೂ ಒಟ್ಟಿಗೆ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯು ಲಭ್ಯ ಪುರಾವೆಗಳ ಗುಣಮಟ್ಟ ಕಡಿಮೆ ಎಂದೇ ಹೇಳಿತು. ಮೇಲಾಗಿ ಇದು ಉರಿಯೂತವನ್ನು ಗುಣಪಡಿಸುವ ಚಿಕಿತ್ಸೆ ಅಲ್ಲ. ಮೆಸಲಮಿನ್, ಅಜಥಯೊಪ್ರಿನ್ ಅಥವಾ ಜೈವಿಕ ಔಷಧಗಳನ್ನು ನಿಲ್ಲಿಸಿ ಇದರ ಹಿಂದೆ ಬಿದ್ದರೆ ಅನಾಹುತ ಖಚಿತ. ಹೊಸದಾಗಿ ಕಾಣಿಸಿಕೊಂಡ ಅಥವಾ ಹಠಾತ್ತನೆ ಹೆಚ್ಚಿದ ನೋವನ್ನು 'ಮಿದುಳಿನದು' ಎಂದು ಕಡೆಗಣಿಸುವುದೂ ಅಷ್ಟೇ ಅಪಾಯಕಾರಿ. ಕರುಳು ಕಿರಿದಾಗಿರಬಹುದು, ಕೀವು ತುಂಬಿರಬಹುದು, ಕಾಯಿಲೆ ಮರುಕಳಿಸಿರಬಹುದು. ಅದನ್ನೆಲ್ಲ ತಳ್ಳಿಹಾಕಿದ ಮೇಲೆ ಉಳಿಯುವ ನೋವಿನ ವಿಷಯವಷ್ಟೇ ಇಲ್ಲಿಯ ಚರ್ಚೆ.

ಪುರಾವೆ ಇಷ್ಟು ಎಳೆಯದಾಗಿರುವಾಗ ಎರಡು ಬಗೆಯ ತಪ್ಪುಗಳು ನಡೆಯಬಲ್ಲವು. ಒಂದು, ನಗರದ ಕೆಲವು ದುಬಾರಿ ಚಿಕಿತ್ಸಾಲಯಗಳು ಇದನ್ನು ಪವಾಡವೆಂದು ಜಾಹೀರಾತು ಮಾಡಿ, ನೊಂದವರಿಂದ ಕಂತು ಕಂತಾಗಿ ಹಣ ಪಡೆಯುವುದು. ಇನ್ನೊಂದು, ಇದೆಲ್ಲ ವಿದೇಶದ ವಿಲಾಸ ಎಂದು ನಮ್ಮ ಸರ್ಕಾರಿ ವ್ಯವಸ್ಥೆ ಕೈಕಟ್ಟಿ ಕುಳಿತುಕೊಳ್ಳುವುದು. ಮೊದಲನೆಯ ತಪ್ಪನ್ನು ತಡೆಯಬೇಕೆಂದರೆ ಎರಡನೆಯ ತಪ್ಪನ್ನು ಮಾಡಬಾರದು. ಸಾರ್ವಜನಿಕ ಸಂಸ್ಥೆಗಳು ಪರೀಕ್ಷಿಸದೆ ಬಿಟ್ಟ ಜಾಗವನ್ನು ಮಾರುಕಟ್ಟೆ ಆಕ್ರಮಿಸುತ್ತದೆ.

ಪರೀಕ್ಷೆ ಎಲ್ಲಿ ನಡೆಯಬೇಕು ಎಂಬುದು ಇಲ್ಲಿ ನಿರ್ಣಾಯಕ ಪ್ರಶ್ನೆ. ಬರ್ಲಿನ್ನಿನ ವಿಧಾನವನ್ನು ಮತ್ತೊಮ್ಮೆ ಗಮನಿಸಿ: ಸತತ ಐದು ದಿನ, ದಿನಕ್ಕೆ 20 ನಿಮಿಷ. ಬೆಂಗಳೂರಿನಲ್ಲಿ ನೆಲೆಸಿದವರಿಗೆ ಇದು ಕಚೇರಿಯಿಂದ ಒಂದು ಗಂಟೆ ಬಿಡುವು. ಹನುಮಸಾಗರದವರಿಗೆ ಇದು ಸುಮಾರು ನಾನೂರು ಕಿಲೋಮೀಟರ್ ಪ್ರಯಾಣ, ಐದು ರಾತ್ರಿಯ ವಸತಿಗೃಹದ ಬಾಡಿಗೆ, ಜೊತೆಗೆ ಬಂದವರ ಕೂಲಿ ಖೋತಾ. ಪರಿಣಾಮ ಒಂದು ವಾರದಲ್ಲಿ ಇಳಿದರೆ ಮತ್ತೆ ಅದೇ ಯಾತ್ರೆ. ಹೊಟ್ಟೆಯ ಕಾಯಿಲೆ ಇರುವವರಿಗೆ ಪ್ರಯಾಣವೆಂದರೆ ಏನೆಂಬುದು ಅನುಭವಿಸಿದವರಿಗೇ ಗೊತ್ತು. ಬಸ್ಸಿನಲ್ಲಿ ಶೌಚಾಲಯವಿಲ್ಲ. ನಿಲ್ಲಿಸಿ ಎಂದು ಚಾಲಕನನ್ನು ಕೇಳುವ ಸಂಕೋಚಕ್ಕೆ ಹಿಂದಿನ ದಿನದಿಂದಲೇ ಉಪವಾಸ ಕೂರುವ ಹೆಂಗಸರಿದ್ದಾರೆ. ನನ್ನ ಅಕ್ಕ ಅವರಲ್ಲಿ ಒಬ್ಬಳು. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಆರಂಭವಾದಾಗ ಊರಿನವರು ಬೇರೆ ಬೇರೆ ಕಾರಣಗಳಿಗೆ ಸಂತೋಷಪಟ್ಟರು. ಅಕ್ಕ ಸಂತೋಷಪಟ್ಟದ್ದು ರೈಲಿನಲ್ಲಿ ಶೌಚಾಲಯ ಇರುತ್ತದೆ ಎಂಬ ಒಂದೇ ಕಾರಣಕ್ಕೆ. ಹನುಮಸಾಗರದಿಂದ ಕುಷ್ಟಗಿಯವರೆಗೆ ಮಾತ್ರ ಈಗಲೂ ರಸ್ತೆಯೇ ಗತಿ.

ವಿಪರ್ಯಾಸವೆಂದರೆ, ದೂರ ಎಷ್ಟು ದೊಡ್ಡದೋ ಉಪಕರಣ ಅಷ್ಟೇ ಚಿಕ್ಕದು. ಎಂಆರ್‌ಐ ಯಂತ್ರವನ್ನು ಹೋಬಳಿಗೆ ಒಯ್ಯಲಾಗದು ಎಂದರೆ ಒಪ್ಪಬಹುದು. ಕೈಚೀಲದಲ್ಲಿ ಹಿಡಿಸುವ, ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆಯನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯಲಾಗದು ಎಂದರೆ ಒಪ್ಪುವುದು ಹೇಗೆ? ದಿನವೂ ಬೇಕಾಗುವ, ಪದೇ ಪದೇ ಬೇಕಾಗುವ ಚಿಕಿತ್ಸೆಯ ಸಹಜ ಜಾಗ ರೋಗಿಯ ಮನೆಯ ಹತ್ತಿರದ ಆಸ್ಪತ್ರೆ. ಅದನ್ನು ರಾಜಧಾನಿಯಲ್ಲೇ ಪರೀಕ್ಷಿಸಿ ರಾಜಧಾನಿಯಲ್ಲೇ ಉಳಿಸಿಕೊಂಡರೆ, ಅದು ಫಲಕಾರಿಯೆಂದು ಸಾಬೀತಾದ ದಿನವೂ ಹನುಮಸಾಗರಕ್ಕೆ ಪ್ರಯೋಜನವಿಲ್ಲ.

ಇದಕ್ಕೆ ಬೇಕಾದ ಜ್ಞಾನ ನಮ್ಮ ರಾಜ್ಯದಲ್ಲಿ ಇಲ್ಲವೇ? ಧಾರಾಳವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಬರುವ ಭ್ರಮೆಯ ದನಿಗಳನ್ನು ತಗ್ಗಿಸಲು ಟಿಡಿಸಿಎಸ್ ಬಳಸಿ ವರ್ಷಗಳಿಂದ ಸಂಶೋಧನೆ ನಡೆದಿದೆ. ಪ್ರಶ್ನೆ ಇರುವುದು ಆ ಜ್ಞಾನವನ್ನು ಜಿಲ್ಲೆಗೆ ಇಳಿಸುವುದರಲ್ಲಿ. ಅದಕ್ಕೂ ನಮ್ಮಲ್ಲಿ ಹೆಮ್ಮೆಪಡುವ ಪೂರ್ವನಿದರ್ಶನವಿದೆ. ಮಾನಸಿಕ ರೋಗಿಗಳ ಚಿಕಿತ್ಸೆ ದೊಡ್ಡ ನಗರದ ಆಸ್ಪತ್ರೆಯಲ್ಲಿ ಮಾತ್ರ ಸಾಧ್ಯವೆಂದು ನಂಬಿದ್ದ ಕಾಲದಲ್ಲಿ, 1985ರಲ್ಲಿ, ನಿಮ್ಹಾನ್ಸ್ ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಸರಳ ತರಬೇತಿ ಕೊಟ್ಟು, ಕೆಲವೇ ಔಷಧಗಳನ್ನು ಒದಗಿಸಿ, ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಆರಂಭವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ನಮ್ಮ ಒಂದು ಹಿಂದುಳಿದ ಜಿಲ್ಲೆ ಇಡೀ ದೇಶಕ್ಕೆ ಪಾಠ ಹೇಳಿತು.

ನೋವಿನ ವಿಷಯದಲ್ಲಿ ಅಂತಹ ಪ್ರಯತ್ನವನ್ನು ಕೊಪ್ಪಳದಲ್ಲಿ ಏಕೆ ಮಾಡಬಾರದು? 1997ರಲ್ಲಿ ರಚನೆಯಾದ ಈ ಜಿಲ್ಲೆಗೆ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಪ್ರದೇಶದ ಹಿಂದುಳಿದಿರುವಿಕೆಯನ್ನು ಮನಗಂಡು ಸಂವಿಧಾನಕ್ಕೆ ತಂದ 371 'ಜೆ' ವಿಧಿಯ ಅಡಿಯಲ್ಲಿ ಅಭಿವೃದ್ಧಿ ಮಂಡಳಿ ಇದೆ, ಅನುದಾನವಿದೆ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ರಾಜ್ಯ ಆರಂಭಿಸಿದ, 'ಕಭಿ' ಎಂದು ಹೆಸರಾದ ಮಿದುಳು ಆರೋಗ್ಯ ಯೋಜನೆ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಜಿಲ್ಲಾ ಮಟ್ಟದಲ್ಲೇ ನೋಡಿಕೊಳ್ಳುವ ಗುರಿ ಹೊಂದಿದೆ. ತಲೆನೋವು ಮಿದುಳಿನ ಆರೋಗ್ಯದ ವ್ಯಾಪ್ತಿಗೆ ಬರುವುದಾದರೆ, ಮಿದುಳಿನಲ್ಲಿ ಬೇರೂರಿದ ಹೊಟ್ಟೆನೋವು, ಬೆನ್ನುನೋವುಗಳನ್ನು ಹೊರಗಿಡಲು ಕಾರಣವಿಲ್ಲ.

ಸರ್ಕಾರದ ಮುಂದಿಡುವ ಬೇಡಿಕೆ ಮೂರು. ಮೊದಲನೆಯದು, ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ನೋವಿನ ಚಿಕಿತ್ಸಾಲಯ ನಡೆಯಲಿ. ಅಲ್ಲಿ ಯಂತ್ರ ಬರುವ ಮೊದಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಎಂಬ ಅಗ್ಗದ ಹಳೆಯ ಮಾತ್ರೆ ಕೆರಳು ಕರುಳಿನ ತೊಂದರೆಗೆ ಕುಟುಂಬ ವೈದ್ಯರ ಮಟ್ಟದಲ್ಲೇ ಪರಿಣಾಮಕಾರಿ ಎಂದು 2023ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಐಬಿಡಿ ಬೇರೆಯೇ ಕಾಯಿಲೆ ನಿಜ. ಆದರೆ ಉರಿಯೂತ ಅಡಗಿದ ಮೇಲೆ ಉಳಿಯುವ ನೋವಿಗೂ ಅದಕ್ಕೂ ನಂಟಿದೆ. ತಜ್ಞರು ಆಯ್ದ ರೋಗಿಗಳಿಗೆ ಇಂತಹ ಔಷಧಗಳನ್ನೂ, ಮನಶ್ಶಾಸ್ತ್ರೀಯ ಚಿಕಿತ್ಸೆಯನ್ನೂ ಸೂಚಿಸುವುದುಂಟು.

ಎರಡನೆಯದು, ನಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಕೊಪ್ಪಳದ ಕಾಲೇಜು ಒಟ್ಟಾಗಿ, ಹತೋಟಿಯಲ್ಲಿರುವ ಐಬಿಡಿಯ ನೋವಿಗೆ ಟಿಡಿಸಿಎಸ್‌ನ ಸರಿಯಾದ ಪ್ರಯೋಗವನ್ನು ಕೈಗೊಳ್ಳಲಿ. ನೀತಿ ಸಮಿತಿಯ ಒಪ್ಪಿಗೆ, ರಾಷ್ಟ್ರೀಯ ಪ್ರಯೋಗ ನೋಂದಣಿಯಲ್ಲಿ ದಾಖಲೆ, ಕನ್ನಡದಲ್ಲಿ ವಿವರಿಸಿ ಪಡೆದ ಸಮ್ಮತಿ, ಹುಸಿ ಪ್ರಚೋದನೆಯೊಡನೆ ಹೋಲಿಕೆ, ಒಂದು ವರ್ಷದ ನಿಗಾ ಇವೆಲ್ಲ ಅದರಲ್ಲಿರಲಿ. ಕ್ಷಯದ ಹಾವಳಿ ಇರುವ ನಮ್ಮ ನಾಡಿನಲ್ಲಿ ರೋಗಪತ್ತೆಯೇ ತಡವಾಗುವುದರಿಂದ, ರೋಗಿಗಳು ನೋವನ್ನು ಹೊತ್ತು ತಿರುಗುವ ಅವಧಿಯೂ ದೀರ್ಘ. ಬರ್ಲಿನ್ನಿನ ಉತ್ತರ ಇಲ್ಲಿಗೂ ಹೊಂದುತ್ತದೆಂದು ಸುಮ್ಮನೆ ಊಹಿಸುವಂತಿಲ್ಲ. ಪ್ರಯೋಗ ವಿಫಲವಾದರೆ ಅದನ್ನೂ ಪ್ರಕಟಿಸಲಿ. ಇದು ಕೆಲಸಕ್ಕೆ ಬಾರದೆಂದು ತಿಳಿಯುವುದೂ, ನಾಳೆ ಇದನ್ನು ಮಾರಲು ಬರುವವರಿಂದ ಬಡವರನ್ನು ಕಾಪಾಡುತ್ತದೆ.

ಮೂರನೆಯದು, ಅದು ಫಲಕಾರಿ ಎನಿಸಿದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಶುಶ್ರೂಷಕಿಯರ ಮೂಲಕ ಒದಗಿಸಬೇಕೆಂಬುದು ಪ್ರಯೋಗದ ಮೊದಲ ಪುಟದಲ್ಲೇ ಬರೆದಿರಲಿ. ಸಂಶೋಧನೆಗೆ ದೇಹ ಒಡ್ಡಿದ ಊರಿಗೇ ಅದರ ಫಲ ಮೊದಲು ಸಲ್ಲಬೇಕು.

ಜಠರ ಮತ್ತು ಕರುಳು ತಜ್ಞರೇ ಸಾಕಷ್ಟಿಲ್ಲದ ಜಿಲ್ಲೆಗೆ ಮಿದುಳಿನ ಪ್ರಚೋದನೆ ಆಡಂಬರವಲ್ಲವೇ ಎಂದು ಕೆಲವರು ಕೇಳಬಹುದು. ತಜ್ಞರು ಬೇಕು, ಎಂಡೋಸ್ಕೋಪಿ ಬೇಕು, ಜೈವಿಕ ಔಷಧಗಳು ಕೈಗೆಟಕುವ ಬೆಲೆಗೆ ಬೇಕು. ಇವುಗಳನ್ನು ಬದಿಗಿಟ್ಟು ಇದನ್ನು ತನ್ನಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅವೆಲ್ಲ ಬಂದ ಮೇಲೂ, ಹುಣ್ಣು ಮಾಯ್ದ ಮೇಲೂ, ನೋವು ಉಳಿಯುವವರು ಇರುತ್ತಾರೆ. ನನ್ನ ಅಕ್ಕನಿಗೆ ದೊರೆಯಬೇಕಾದ ಔಷಧವೆಲ್ಲ ದೊರೆತಿದೆ. ಆದರೂ ರಾತ್ರಿ ಎರಡು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಎದ್ದು ಕೂರುತ್ತಾಳೆ. ಗಂಡ, ಮಕ್ಕಳು, ನೆರೆಹೊರೆಯವರು ಮೊದಮೊದಲು ವಿಚಾರಿಸುತ್ತಿದ್ದರು. 'ಡಾಕ್ಟರೇ ಏನಿಲ್ಲ ಅಂದಾರ' ಎಂಬ ಮಾತು ಊರಿಗೆ ತಲುಪಿದ ಮೇಲೆ ಅದೂ ನಿಂತಿತು. ವೈದ್ಯರ ಒಂದು ಅಜಾಗರೂಕ ವಾಕ್ಯ ರೋಗಿಯಿಂದ ಮನೆಯವರ ಕನಿಕರವನ್ನೂ ಕಸಿದುಕೊಳ್ಳಬಲ್ಲದು.

ಪ್ರಯೋಗಕ್ಕೆ ವರ್ಷಗಳು ಬೇಕು, ಹಣ ಬೇಕು, ಮಂಜೂರಾತಿ ಬೇಕು. ಆದರೆ ನಾಳೆ ಬೆಳಿಗ್ಗೆಯೇ ಖರ್ಚಿಲ್ಲದೆ ಆರಂಭಿಸಬಹುದಾದ ಕೆಲಸವೊಂದಿದೆ. ಹುಣ್ಣು ಮಾಯ್ದಿದೆ, ಆದರೆ ನೋವಿನ ನರಗಳು ಇನ್ನೂ ಶಾಂತವಾಗಿಲ್ಲ, ನಿಮ್ಮ ನೋವು ನಿಜವಾದದ್ದು, ಅದಕ್ಕೂ ದಾರಿ ಹುಡುಕೋಣ ಎಂದು ರೋಗಿಗೆ ಹೇಳುವುದು. ಇದನ್ನು ವೈದ್ಯಕೀಯ ಕಾಲೇಜುಗಳು ಕಲಿಸಲಿ, ತಾಲ್ಲೂಕು ವೈದ್ಯರು ರೂಢಿಸಿಕೊಳ್ಳಲಿ. ಮಿದುಳಿನ ಪ್ರಚೋದನೆಯ ವಿಜ್ಞಾನ ಮುಂದೆ ಯಾವ ತೀರ್ಪನ್ನೇ ಕೊಡಲಿ, ಇಷ್ಟನ್ನು ಅದು ಈಗಾಗಲೇ ಸ್ಪಷ್ಟಪಡಿಸಿದೆ: ಮಿದುಳಿನಲ್ಲಿರುವ ನೋವು ಎಂದರೆ ಇಲ್ಲದ ನೋವು ಎಂದರ್ಥವಲ್ಲ.